ಹಡಗು ಹವಳವಾಗುವ ಬಗೆ: ತುಲಂಬೆನ್ ತೀರದ ನೀರಿನಡಿಯ ಲೆಕ್ಕ

ಇಂಡೋನೇಷ್ಯಾದ ಬಾಲಿ ದ್ವೀಪದ ಈಶಾನ್ಯ ಅಂಚಿನಲ್ಲಿ ತುಲಂಬೆನ್ ಎಂಬ ಸಣ್ಣ ಊರಿದೆ. ಪ್ರವಾಸಿ ಜಾಹೀರಾತುಗಳಲ್ಲಿ ಕಾಣುವ ಬಿಳಿ ಮರಳಿನ ಬಾಲಿ ಇದಲ್ಲ. ಅಗುಂಗ್ ಅಗ್ನಿಪರ್ವತದ ಮೈಯಿಂದ ಉರುಳಿ ಬಂದು, ಅಲೆಗಳ ತಿರುವಿಗೆ ಸಿಕ್ಕಿ ನುಣ್ಣಗಾದ ಕಪ್ಪು ಗುಂಡುಕಲ್ಲುಗಳೇ ಇಲ್ಲಿನ ದಡವನ್ನೆಲ್ಲ ಹಾಸಿಕೊಂಡಿವೆ. ರಬ್ಬರ್ ಬೂಟು ಹಾಕಿಕೊಂಡು ಬರಿಗೈಯಲ್ಲಿ ನಡೆಯುವ ಪ್ರವಾಸಿಗರೇ ಆ ಕಲ್ಲುಗಳ ಮೇಲೆ ತಡವರಿಸುತ್ತಿರುವಾಗ, ಊರಿನ ಹೆಂಗಸರು ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಗಾಳಿ ತುಂಬಿದ ಭಾರದ ಸಿಲಿಂಡರನ್ನು ಅಡ್ಡಲಾಗಿ ಹೊತ್ತು, ನೀರಿನ ಕೊಡ ಹೊತ್ತವರಷ್ಟೇ ನಿರಾಯಾಸವಾಗಿ ನಡೆದುಹೋಗುತ್ತಾರೆ. ಅವರು ಸಿಲಿಂಡರ್ ಇಳಿಸುವ ಜಾಗದಿಂದ ನೀರಿಗಿಳಿದು ಮೂವತ್ತು ಮೀಟರಿನಷ್ಟು ಈಜಿದರೆ ಸಾಕು, ಕೆಳಗೆ 125 ಮೀಟರ್ ಉದ್ದದ ಒಂದು ಸರಕು ಹಡಗು ಮಗ್ಗುಲಾಗಿ ಮಲಗಿರುವುದು ಕಾಣುತ್ತದೆ. ದೋಣಿಯಿಲ್ಲದೆ, ದಡದಿಂದಲೇ ಹೋಗಿ ನೋಡಬಹುದಾದ ಇಷ್ಟು ದೊಡ್ಡ ಮುಳುಗಿದ ಹಡಗುಗಳು ಜಗತ್ತಿನಲ್ಲಿ ಬಹಳ ಇಲ್ಲ.

ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರಿನಡಿ ಈಜುವ ಸ್ಕೂಬಾ ಡೈವಿಂಗಿಗೆ ಒಂದು ತಾಣ ಒಳ್ಳೆಯದು, ಇನ್ನೊಂದು ಸಾಧಾರಣ ಎನ್ನುವುದು ಏಕೆ, ಉಷ್ಣವಲಯದ ಕಡಲಿನಲ್ಲಿ ಬಿದ್ದ ಹಡಗೊಂದು ಹವಳದ ತೋಟವಾಗುವುದು ಹೇಗೆ, ಅದನ್ನು ನೋಡಲು ಇಳಿಯುವ ಮನುಷ್ಯನಿಗೆ ಅಲ್ಲಿ ಎಷ್ಟು ಹೊತ್ತು ಇರಲು ಸಾಧ್ಯ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ, ಅದು ಆಳ. ಆಳ ಹೆಚ್ಚಿದಂತೆ ಬೆಳಕು ಕಡಿಮೆಯಾಗುತ್ತದೆ, ಒತ್ತಡ ಹೆಚ್ಚುತ್ತದೆ. ಹವಳಕ್ಕೆ ಬೇಕಾದದ್ದು ಮೊದಲನೆಯದು, ಡೈವರನ್ನು ಕಾಡುವುದು ಎರಡನೆಯದು. ಇವೆರಡರ ಮಿತಿಯೊಳಗೆ ಬಿದ್ದ ಹಡಗು ಮಾತ್ರ ಡೈವಿಂಗ್ ತಾಣವಾಗುತ್ತದೆ. ತುಲಂಬೆನ್ನಿನ ಹಡಗು ಆ ಮಿತಿಯೊಳಗೆ ಬಂದು ಬಿದ್ದ ಕಥೆ ಸ್ವಲ್ಪ ವಿಚಿತ್ರವಾದದ್ದು.

ಹಡಗಿನ ಹೆಸರು ಲಿಬರ್ಟಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಒಂದೇ ಅಚ್ಚಿನಲ್ಲಿ ಸಾವಿರಗಟ್ಟಲೆ ಕಟ್ಟಿಸಿದ ಸರಕು ಹಡಗುಗಳಿಗೂ ‘ಲಿಬರ್ಟಿ ಹಡಗು’ ಎಂದೇ ಹೆಸರಿದ್ದುದರಿಂದ ಇದೂ ಅವುಗಳಲ್ಲೊಂದು ಎಂದು ಹಲವರು ತಿಳಿಯುತ್ತಾರೆ. ಅದು ಬರೀ ಹೆಸರಿನ ಗೊಂದಲ. ಇದು ಅವುಗಳಿಗಿಂತ ಒಂದು ತಲೆಮಾರು ಹಿರಿಯದು, 1918ರಲ್ಲಿ ನ್ಯೂಜೆರ್ಸಿಯಲ್ಲಿ ನೀರಿಗಿಳಿದದ್ದು. 1942ರ ಜನವರಿ 11ರಂದು ರೈಲ್ವೆ ಬಿಡಿಭಾಗಗಳನ್ನೂ ರಬ್ಬರನ್ನೂ ಹೊತ್ತು ಆಸ್ಟ್ರೇಲಿಯಾದಿಂದ ಫಿಲಿಪೀನ್ಸಿನ ಕಡೆಗೆ ಹೋಗುತ್ತಿದ್ದಾಗ ಲೊಂಬೊಕ್ ಜಲಸಂಧಿಯ ಬಳಿ ಜಪಾನಿನ ಸಬ್‌ಮರೀನೊಂದು ಇದಕ್ಕೆ ಟಾರ್ಪೆಡೊ ಹೊಡೆಯಿತು. ಹಡಗು ತಕ್ಷಣ ಮುಳುಗಲಿಲ್ಲ. ಅಮೆರಿಕದ ಮತ್ತು ಡಚ್ಚರ ಒಂದೊಂದು ಯುದ್ಧನೌಕೆ ಸೇರಿ ಅದನ್ನು ಬಾಲಿಯ ಸಿಂಗರಾಜ ಬಂದರಿಗೆ ಎಳೆದೊಯ್ಯಲು ಪ್ರಯತ್ನಿಸಿದವು. ಒಳಗೆ ನೀರು ತುಂಬುತ್ತಿದ್ದ ಹಡಗು ಬಂದರು ಮುಟ್ಟುವುದಿಲ್ಲ ಎಂಬುದು ಖಚಿತವಾದಾಗ ಸರಕನ್ನಾದರೂ ಉಳಿಸಿಕೊಳ್ಳೋಣವೆಂದು ತುಲಂಬೆನ್ನಿನ ದಡಕ್ಕೆ ಏರಿಸಿಬಿಟ್ಟರು. ಅಲ್ಲಿಯೇ ಅದು ಇಪ್ಪತ್ತೊಂದು ವರ್ಷ ಬಿಸಿಲಿನಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು. 1963ರಲ್ಲಿ ಅಗುಂಗ್ ಪರ್ವತ ಸಿಡಿದು ಬಾಲಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಸ್ಫೋಟದ ಸಮಯದ ನೆಲನಡುಕಕ್ಕೆ ಹಡಗು ದಡದಿಂದ ಜಾರಿ ಮರಳಿನ ಇಳಿಜಾರಿನ ಮೇಲೆ ಹೋಗಿ ಒರಗಿತು. ಈಗ ಅದರ ಅತಿ ಮೇಲಿನ ಭಾಗ ಸುಮಾರು 5 ಮೀಟರ್ ಆಳದಲ್ಲಿದ್ದರೆ ಕೆಳಗಿನ ಅಂಚು ಸುಮಾರು 30 ಮೀಟರಿನಲ್ಲಿದೆ.

ಟಾರ್ಪೆಡೊ ಬಿದ್ದ ದಿನವೇ ಲೊಂಬೊಕ್ ಜಲಸಂಧಿಯಲ್ಲಿ ಮುಳುಗಿದ್ದರೆ ಈ ಹಡಗು ನೂರಾರು ಮೀಟರ್ ಆಳದ ಕತ್ತಲಿಗೆ ಸೇರಿ ಯಾರಿಗೂ ಕಾಣುತ್ತಿರಲಿಲ್ಲ. ದಡದ ಮೇಲೆಯೇ ಉಳಿದಿದ್ದರೆ ಕೊನೆಗೊಂದು ದಿನ ಗುಜರಿಯವರ ಪಾಲಾಗುತ್ತಿತ್ತು. 5 ಮೀಟರಿಗೂ 30 ಮೀಟರಿಗೂ ನಡುವೆ ಬಂದು ನಿಂತದ್ದು ಆಕಸ್ಮಿಕ. ಉಳಿದದ್ದೆಲ್ಲ ಜೀವಶಾಸ್ತ್ರ ಮತ್ತು ಭೌತಶಾಸ್ತ್ರ.

ಮೊದಲು ಹವಳದ ವಿಷಯ. ನವರತ್ನಗಳಲ್ಲಿ ಸೇರಿರುವ, ನಮ್ಮ ಅಜ್ಜಿಯರ ಸರಗಳಲ್ಲಿ ಪೋಣಿಸಿಕೊಂಡಿರುವ ಕೆಂಪು ಹವಳವೂ ಕಡಲಿನ ಹವಳದ ದಿಬ್ಬಗಳನ್ನು ಕಟ್ಟುವ ಹವಳವೂ ದೂರದ ನೆಂಟರು. ಆಭರಣದ ಹವಳ ಮೆಡಿಟರೇನಿಯನ್ನಿನಂತಹ ತಂಪು ಕಡಲುಗಳ ಮಬ್ಬು ಬೆಳಕಿನಲ್ಲಿ ಬೆಳೆಯುವಂಥದು. ದಿಬ್ಬ ಕಟ್ಟುವ ಹವಳಕ್ಕೆ ಬೆಚ್ಚಗಿನ, ತಿಳಿಯಾದ, ಬಿಸಿಲು ಬೀಳುವ ನೀರು ಬೇಕು. ಅದನ್ನು ಹತ್ತಿರದಿಂದ ನೋಡಿದರೆ ಗಟ್ಟಿಯಾದ ಸುಣ್ಣಕಲ್ಲಿನ ಮೈತುಂಬ ಸಾಸಿವೆಯಷ್ಟೋ ಕಡಲೆಯಷ್ಟೋ ಗಾತ್ರದ ಗುಳಿಗಳಿರುತ್ತವೆ. ಪ್ರತಿ ಗುಳಿಯಲ್ಲೂ ಒಂದು ಮೃದುವಾದ ಜೀವಿ ಕುಳಿತಿರುತ್ತದೆ. ಅದಕ್ಕೆ ಪಾಲಿಪ್ ಎಂದು ಹೆಸರು. ನಡುವೆ ಒಂದು ಬಾಯಿ, ಅದರ ಸುತ್ತ ಸಣ್ಣ ಸಣ್ಣ ಕರಬಳ್ಳಿಗಳು, ಅಷ್ಟೇ ಅದರ ದೇಹ. ರಾತ್ರಿಯ ಹೊತ್ತು ಆ ಕರಬಳ್ಳಿಗಳನ್ನು ಚಾಚಿ ನೀರಿನಲ್ಲಿ ತೇಲಿ ಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತದೆ. ಆದರೆ ಅದರ ಮುಖ್ಯ ಆಹಾರ ಬರುವುದು ಬೇಟೆಯಿಂದಲ್ಲ. ಅದರ ಅಂಗಾಂಶದೊಳಗೆ ಲಕ್ಷಾಂತರ ಏಕಕೋಶ ಪಾಚಿಗಳು ಬಾಡಿಗೆಗೆ ಇವೆ. ಅವು ಹಗಲೆಲ್ಲ ಬಿಸಿಲಿನಿಂದ ಸಕ್ಕರೆ ತಯಾರಿಸಿ ಅದರ ದೊಡ್ಡ ಪಾಲನ್ನು ಪಾಲಿಪ್‌ಗೆ ಕೊಡುತ್ತವೆ. ಪ್ರತಿಯಾಗಿ ಅವುಗಳಿಗೆ ವಾಸಕ್ಕೆ ಜಾಗವೂ ಪಾಲಿಪ್‌ನ ತ್ಯಾಜ್ಯದಿಂದ ಗೊಬ್ಬರವೂ ದೊರೆಯುತ್ತವೆ. ಹವಳಕ್ಕೆ ಬಣ್ಣ ಬರುವುದೂ ಹೆಚ್ಚಾಗಿ ಈ ಪಾಚಿಗಳಿಂದಲೇ.

ಆದ್ದರಿಂದ ಹವಳವನ್ನು ಪ್ರಾಣಿಯೆನ್ನುವುದು ಸರಿಯಾದರೂ ಅದರ ಸಂಸಾರ ನಡೆಯುವುದು ಗಿಡದ ನಿಯಮದಂತೆ. ಬೆಳಕು ತಲುಪದ ಕಡೆ ದಿಬ್ಬ ಬೆಳೆಯದು. ನೆಲೆಯೂರಲು ಗಟ್ಟಿಯಾದ ತಳ ಬೇಕು, ಏಕೆಂದರೆ ಹವಳದ ಮರಿ ನೀರಿನಲ್ಲಿ ತೇಲುತ್ತಾ ಬಂದು ಕಲ್ಲಿನಂತಹ ಮೇಲ್ಮೈಗೆ ಅಂಟಿಕೊಂಡರೆ ಮಾತ್ರ ಬದುಕುತ್ತದೆ. ಅಲುಗಾಡುವ ಮರಳು ಅದನ್ನು ಹೂತುಬಿಡುತ್ತದೆ. ಕವಲೊಡೆಯುವ ಜಾತಿಗಳು ವರ್ಷಕ್ಕೆ 10 ಸೆಂಟಿಮೀಟರಿನಷ್ಟು ಬೆಳೆಯಬಲ್ಲವು. ಗುಂಡುಬಂಡೆಯಂತಹ ಜಾತಿಗಳಿಗೆ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆಯುವುದೂ ಕಷ್ಟ. ಡೈವರೊಬ್ಬರು ಈಜಲು ಕಾಲಿಗೆ ಹಾಕಿಕೊಂಡ ರೆಕ್ಕೆ, ಎಂದರೆ ಫಿನ್, ತಾಗಿ ಮುರಿದ ಅಂಗೈಯಗಲದ ತುಣುಕಿನ ಹಿಂದೆ ಹತ್ತಾರು ವರ್ಷಗಳ ಕೆಲಸ ಇರಬಹುದು ಎನ್ನುವುದು ಈ ಲೆಕ್ಕದಿಂದಲೇ.

ಕರ್ನಾಟಕದ ಕರಾವಳಿ ಉಷ್ಣವಲಯದಲ್ಲಿಯೇ ಇದ್ದರೂ ಅಲ್ಲಿ ದೊಡ್ಡ ಹವಳದ ದಿಬ್ಬಗಳಿಲ್ಲದಿರುವುದಕ್ಕೂ ಇದೇ ಕಾರಣ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಮಳೆಗಾಲದಲ್ಲಿ ಘಟ್ಟದ ಮಣ್ಣನ್ನು ಕಡಲಿಗೆ ತಂದು ಸುರಿಯುತ್ತವೆ. ನೀರು ಕದಡಿ ಬೆಳಕು ತಡೆಯುತ್ತದೆ, ಉಪ್ಪಿನಂಶ ಇಳಿಯುತ್ತದೆ, ತಳದಲ್ಲಿ ಕೆಸರು ಕೂರುತ್ತದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್ ದೂರವಿರುವುದರಿಂದ ಆ ಕೆಸರಿನಿಂದ ತಕ್ಕಮಟ್ಟಿಗೆ ತಪ್ಪಿಸಿಕೊಂಡಿದೆ. ಅಲ್ಲಿಯೂ ಹವಳ ಇರುವುದು ದ್ವೀಪದ ಬಂಡೆಗಳ ಮೇಲೆ ಅಲ್ಲಲ್ಲಿ ಹಚ್ಚಿದಂತೆ. ಹವಳವೇ ಕಟ್ಟಿದ ದಿಬ್ಬ ಅದಲ್ಲ. ಕನ್ನಡಿಗರಲ್ಲಿ ಬಹಳ ಜನರಿಗೆ ಮೊದಲ ಡೈವ್ ಆಗುವುದು ನೇತ್ರಾಣಿಯಲ್ಲಿಯೇ. ಇಡೀ ದ್ವೀಪವೇ ಹವಳದಿಂದಾದದ್ದನ್ನು ನೋಡಬೇಕಾದರೆ ಅದೇ ಅರಬ್ಬಿ ಸಮುದ್ರದ ನಡುವೆ ಇರುವ ಲಕ್ಷದ್ವೀಪಕ್ಕೆ ಹೋಗಬೇಕು. ಮುಳುಗುತ್ತಿರುವ ಅಗ್ನಿಪರ್ವತದ ಸುತ್ತ ಹವಳ ಮೇಲಮೇಲಕ್ಕೆ ಬೆಳೆಯುತ್ತಾ ಹೋಗಿ, ಕೊನೆಗೆ ಪರ್ವತ ಕಣ್ಮರೆಯಾಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ ಎಂದು 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಮಂಡಿಸಿದ ವಿವರಣೆಗೆ ಲಕ್ಷದ್ವೀಪ ಒಳ್ಳೆಯ ಉದಾಹರಣೆ. ತುಲಂಬೆನ್ನಿನಲ್ಲಿ ಅಗ್ನಿಪರ್ವತ ಇನ್ನೂ ನೆತ್ತಿಯ ಮೇಲೆಯೇ ಜೀವಂತವಾಗಿದೆ. ಕೊನೆಯ ಬಾರಿ ಅದು ಎಚ್ಚರಗೊಂಡದ್ದು 2017ರಿಂದ 2019ರವರೆಗೆ.

ಈಗ ಹಡಗಿಗೆ ಬರೋಣ. ತುಲಂಬೆನ್ನಿನ ಇಳಿಜಾರು ಕಪ್ಪು ಮರಳಿನದು, ಎಂದರೆ ಹವಳದ ಮರಿಗೆ ಅಂಟಿಕೊಳ್ಳಲು ಆಸರೆಯಿಲ್ಲದ ಮರುಭೂಮಿ. ಅಂಥಲ್ಲಿ ಸಾವಿರಾರು ಚದರ ಮೀಟರಿನಷ್ಟು ಗಟ್ಟಿ ಉಕ್ಕಿನ ಮೇಲ್ಮೈ, ಬಿಸಿಲು ತಲುಪುವ ಆಳದಲ್ಲಿ, ಮರಳಿನಿಂದ ಮೇಲೆದ್ದು ನಿಂತಿತು. ಹೀಗೆ ಬಿದ್ದ ಉಕ್ಕಿನ ಮೇಲೆ ಮೊದಲ ದಿನಗಳಲ್ಲಿ ಬ್ಯಾಕ್ಟೀರಿಯಾಗಳ ಲೋಳೆಪದರ ಕಟ್ಟುತ್ತದೆ. ಅದರ ಮೇಲೆ ಪಾಚಿ, ಆಮೇಲೆ ಬಾರ್ನಕಲ್ ಎಂಬ ಚಿಪ್ಪುಜೀವಿಗಳು, ಕೊಳವೆಹುಳುಗಳು, ಸ್ಪಂಜುಗಳು ಬರುತ್ತವೆ. ಸುಣ್ಣವನ್ನು ಮೈಗೂಡಿಸಿಕೊಳ್ಳುವ ಒಂದು ಬಗೆಯ ಗುಲಾಬಿ ಪಾಚಿ ಉಕ್ಕಿನ ಮೇಲೆ ತೆಳುವಾಗಿ ಗಾರೆ ಬಳಿದಂತೆ ಹರಡಿದ ಮೇಲೆ, ಗಟ್ಟಿ ಹವಳದ ಮರಿಗಳಿಗೆ ಅದೇ ಇಷ್ಟದ ನೆಲೆ. ಹೀಗೆ ಒಂದರ ಹೆಗಲ ಮೇಲೆ ಇನ್ನೊಂದು ಕೂರುತ್ತಾ ಅರವತ್ತು ವರ್ಷ ಕಳೆದಿರುವುದರಿಂದ ಲಿಬರ್ಟಿಯ ಮೇಲೆ ಇಂದು ಬರಿಯ ಕಬ್ಬಿಣ ಕಾಣುವ ಜಾಗ ಹುಡುಕಬೇಕಾಗುತ್ತದೆ. ನೀರಿನ ಹರಿವಿಗೆ ಎದುರಾದ ಅಂಚುಗಳಲ್ಲಿ ಬೀಸಣಿಗೆಯಾಕಾರದ ಹವಳಗಳು ಹರಿವಿಗೆ ಸರಿಯಾಗಿ ಅಡ್ಡ ನಿಂತಿರುತ್ತವೆ. ಗಾಳಿ ಬರುವ ದಿಕ್ಕಿಗೆ ಕಿಟಕಿ ಇಟ್ಟಂತೆ, ಆಹಾರ ತೇಲಿ ಬರುವ ದಿಕ್ಕಿಗೆ ಅವು ಮೈ ಚಾಚಿರುತ್ತವೆ. ಆ ಬೀಸಣಿಗೆಗಳಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕುಬ್ಜ ಕಡಲಕುದುರೆ, ಹವಳದ ಗಂಟುಗಳನ್ನೇ ತನ್ನ ಮೈಮೇಲೆ ಅನುಕರಿಸಿಕೊಂಡು ಬಾಲ ಸುತ್ತಿ ಕುಳಿತಿರುವುದನ್ನು ಗೈಡ್ ಬೆರಳು ಮಾಡಿ ತೋರಿಸಿದರೂ ಕಣ್ಣು ನಂಬಲು ಒಂದು ಗಳಿಗೆ ಬೇಕು.

ಸುತ್ತಲೂ ಮರಳಿರುವುದೇ ಹಡಗಿನಲ್ಲಿ ಮೀನು ಹೆಚ್ಚಾಗಲು ಇನ್ನೊಂದು ಕಾರಣ. ಬಯಲಿನ ನಡುವೆ ಒಂದೇ ಆಲದ ಮರವಿದ್ದರೆ ಸುತ್ತಲಿನ ಹಕ್ಕಿಗಳೆಲ್ಲ ಅದಕ್ಕೇ ಬರುವಂತೆ, ಅಡಗಲು ಬೇರೆಲ್ಲೂ ಸಂದುಗಳಿಲ್ಲದ ಮೀನುಗಳು ಇಲ್ಲಿಗೆ ಬಂದು ಸೇರುತ್ತವೆ. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಬಳಿ 1911ರ ಮಾರ್ಚಿನಲ್ಲಿ ಚಂಡಮಾರುತಕ್ಕೆ ಸಿಕ್ಕಿ 122 ಜನರೊಂದಿಗೆ ಮುಳುಗಿದ ಯೊಂಗಾಲ ಹಡಗಿನ ಮೇಲೆ ದಟ್ಟವಾಗಿ ಜೀವಿಗಳು ನೆರೆದಿರುವುದಕ್ಕೂ ಅದು ಬಯಲು ಮರಳಿನ ಮೇಲೆ ಒಂಟಿಯಾಗಿರುವುದೇ ಕಾರಣ. ಲಿಬರ್ಟಿಯಲ್ಲಿ ಹಣೆಯ ಮೇಲೆ ಬುಗುಟು ಎದ್ದಂತಿರುವ, ಒಂದು ಮೀಟರಿಗೂ ಉದ್ದವಾಗಿ ಬೆಳೆಯುವ ಗಿಳಿಮೀನುಗಳ ಹಿಂಡೊಂದು ರಾತ್ರಿ ಮಲಗಲು ಬರುತ್ತದೆ. ಬೆಳಗಿನ ಜಾವ ಆರು ಗಂಟೆಗೆಲ್ಲ ನೀರಿಗಿಳಿದವರಿಗೆ ಅವು ಎದ್ದು ಮೇಯಲು ಹೊರಡುವುದು ಕಾಣುತ್ತದೆ. ಮೇಯುವುದೆಂದರೆ ಹವಳವನ್ನೇ ಕಚ್ಚಿ ಅಗಿಯುವುದು. ಆ ಕಟಕಟ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಆದರೆ ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹರಿಯುವುದರಿಂದ ಅದು ಯಾವ ಕಡೆಯಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಅಗಿದ ಸುಣ್ಣ ಹೊಟ್ಟೆಯಲ್ಲಿ ಹಾದು ಬಿಳಿ ಮರಳಾಗಿ ಹಿಂದಿನಿಂದ ಸುರಿಯುತ್ತದೆ. ಜಗತ್ತಿನ ಎಷ್ಟೋ ಬಿಳಿ ಮರಳಿನ ತೀರಗಳಿಗೆ ಮರಳು ಒದಗಿಸಿದ್ದು ಈ ಕುಲದ ಮೀನುಗಳೇ ಎಂಬುದನ್ನು ಮಧುಚಂದ್ರದ ಪ್ಯಾಕೇಜು ಮಾರುವವರು ಹೇಳುವುದಿಲ್ಲ.

ಇದನ್ನೆಲ್ಲ ನೋಡಲು ಇಳಿಯುವ ಮನುಷ್ಯನ ಲೆಕ್ಕ ಬೇರೆ. ಸಮುದ್ರಮಟ್ಟದಲ್ಲಿ ನಮ್ಮ ಮೇಲಿರುವುದು ಒಂದು ವಾಯುಭಾರ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಅದಕ್ಕೆ ಇನ್ನೊಂದು ವಾಯುಭಾರ ಸೇರುತ್ತದೆ. ಲಿಬರ್ಟಿಯ ತಳದಲ್ಲಿ, 30 ಮೀಟರಿನಲ್ಲಿ, ಒಟ್ಟು ನಾಲ್ಕು. ಒತ್ತಡ ನಾಲ್ಕು ಪಟ್ಟಾದರೆ ಗಾಳಿಯ ಗಾತ್ರ ಕಾಲು ಭಾಗವಾಗುತ್ತದೆ. ಹೈಸ್ಕೂಲಿನಲ್ಲಿ ಓದಿದ ಬಾಯ್ಲನ ನಿಯಮ ಇದೇ. ಹಾಗಾದರೆ ಶ್ವಾಸಕೋಶ ಮುದುಡಿಹೋಗಬೇಡವೇ ಎಂದರೆ, 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ರೆಗ್ಯುಲೇಟರ್ ಪರಿಹರಿಸಿದ್ದು ಆ ತೊಡಕನ್ನೇ. ಸುತ್ತಲಿನ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದಲ್ಲಿ, ಉಸಿರೆಳೆದಾಗ ಮಾತ್ರ ಅದು ಗಾಳಿ ಕೊಡುತ್ತದೆ. ಹೀಗಾಗಿ ಎದೆ ಎಂದಿನಂತೆಯೇ ತುಂಬುತ್ತದೆ, ಆದರೆ 30 ಮೀಟರಿನಲ್ಲಿ ಒಂದು ಉಸಿರಿಗೆ ಮೇಲಿನ ನಾಲ್ಕು ಉಸಿರಿನಷ್ಟು ಗಾಳಿ ಖರ್ಚಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಭಾರ) ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ಹಿಡಿಯುತ್ತದೆ. 50 ಬಾರ್ ಉಳಿದಿರುವಾಗಲೇ ಮೇಲೆ ಬಂದಿರಬೇಕೆಂಬುದು ರೂಢಿಯಾದ್ದರಿಂದ ಬಳಸಲು ಸಿಗುವುದು 1,650 ಲೀಟರ್. ಶಾಂತವಾಗಿರುವವರು ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆಂದರೆ ಇದು ಮೇಲ್ಮೈಯಲ್ಲಿ 82 ನಿಮಿಷಕ್ಕೆ, 10 ಮೀಟರಿನಲ್ಲಿ 41 ನಿಮಿಷಕ್ಕೆ, 30 ಮೀಟರಿನಲ್ಲಿ ಕೇವಲ 20 ನಿಮಿಷಕ್ಕೆ ಸಾಲುತ್ತದೆ. ಹೆದರಿ ಏದುಸಿರು ಬಿಡುವ ಹೊಸಬರಿಗೆ ಅದರ ಅರ್ಧವೂ ಬಾರದಿರಬಹುದು. ಅನುಭವಿಗಳು ಮೊದಲು ಹಡಗಿನ ಆಳದ ಅಂಚಿಗೆ ಹೋಗಿ, ಆಮೇಲೆ ನಿಧಾನವಾಗಿ ಇಳಿಜಾರು ಹತ್ತುತ್ತಾ ಮೇಲಿನ ಭಾಗಗಳನ್ನು ನೋಡುವುದು ಈ ಕಾರಣಕ್ಕೆ. ಹಡಗು ಒಂದೇ ಆಳದಲ್ಲಿ ಚಪ್ಪಟೆಯಾಗಿ ಬಿದ್ದಿರದೆ ಇಳಿಜಾರಿನುದ್ದಕ್ಕೂ ಒರಗಿರುವುದರಿಂದ ಹೊಸಬರಿಗೂ ಹಳಬರಿಗೂ ಇಲ್ಲಿ ಪಾಲಿದೆ: ಮೊದಲ ಹಂತದ ತರಬೇತಿ ಮುಗಿಸಿದವರಿಗೆ ಅನುಮತಿ ಇರುವುದು 18 ಮೀಟರಿನವರೆಗೆ, ಮುಂದಿನ ಹಂತದವರಿಗೆ 30 ಮೀಟರ್.

ಗಾಳಿ ಮುಗಿಯುವುದಕ್ಕಿಂತ ಸೂಕ್ಷ್ಮವಾದ ತೊಡಕು ನೈಟ್ರೋಜನ್ನಿನದು. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಈ ಅನಿಲ ದೇಹಕ್ಕೆ ಯಾವ ಕೆಲಸಕ್ಕೂ ಬೇಡವಾದರೂ ಒತ್ತಡ ಹೆಚ್ಚಾದಾಗ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗುತ್ತಾ ಹೋಗುತ್ತದೆ. 30 ಮೀಟರಿನ ಆಸುಪಾಸಿನಲ್ಲಿ ಅದು ಕೆಲವರಿಗೆ ಸಣ್ಣ ಅಮಲು ಬರಿಸುತ್ತದೆ; ಒತ್ತಡದ ಮಾಪಕವನ್ನು ನೋಡಿ ಅಂಕಿ ಓದಿದರೂ ಅದರ ಅರ್ಥ ತಲೆಗೆ ಹೋಗುವುದಿಲ್ಲ. ಕೆಲವು ಮೀಟರ್ ಮೇಲೆ ಬಂದರೆ ಅಮಲು ಇಳಿಯುತ್ತದೆ. ಆದರೆ ಕರಗಿದ ನೈಟ್ರೋಜನ್ ಅಷ್ಟು ಬೇಗ ಹೊರಬೀಳುವುದಿಲ್ಲ. ಸೋಡಾ ಬಾಟಲಿಯ ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಗುಳ್ಳೆಗಳೇಳುವಂತೆ, ಡೈವರ್ ಅವಸರದಿಂದ ಮೇಲೆ ಬಂದರೆ ದೇಹದೊಳಗೇ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಅದರ ಪರಿಣಾಮಗಳಿವೆ. ಬ್ರಿಟಿಷ್ ನೌಕಾಪಡೆಗಾಗಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ, ಹಂತಹಂತವಾಗಿ ಮೇಲೆ ಬರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. ಇಂದಿನ ಡೈವರ್‌ಗಳ ಮಣಿಕಟ್ಟಿನ ಕಂಪ್ಯೂಟರ್ ಕ್ಷಣಕ್ಷಣವೂ ಮಾಡುವ ಲೆಕ್ಕದ ಬೇರು ಅಲ್ಲಿಯೇ ಇದೆ. ನಡುವೆ ಕಡ್ಡಾಯವಾಗಿ ನಿಲ್ಲದೆ ನೇರವಾಗಿ ಮೇಲೆ ಬರಬೇಕಾದರೆ ಕೆಳಗೆ ಕಳೆಯಬಹುದಾದ ಅವಧಿ 18 ಮೀಟರಿನಲ್ಲಿ ಸುಮಾರು 55 ನಿಮಿಷ, 30 ಮೀಟರಿನಲ್ಲಿ ಸುಮಾರು 20 ನಿಮಿಷ.

ಕೆಳಗಿಳಿದಷ್ಟೂ ಅಪಾಯ ಹೆಚ್ಚು ಎಂಬುದು ಸಾಮಾನ್ಯ ತಿಳಿವಳಿಕೆ. ಗಾಳಿಯ ಹಿಗ್ಗುವಿಕೆಯ ಮಟ್ಟಿಗೆ ಇದು ತಲೆಕೆಳಗು. 30ರಿಂದ 20 ಮೀಟರಿಗೆ ಬಂದಾಗ ಶ್ವಾಸಕೋಶದೊಳಗಿನ ಗಾಳಿ ಮೂರನೇ ಒಂದರಷ್ಟು ಮಾತ್ರ ಹಿಗ್ಗುತ್ತದೆ. 10 ಮೀಟರಿನಿಂದ ಮೇಲ್ಮೈಗೆ ಬಂದಾಗ ಅದು ಎರಡು ಪಟ್ಟಾಗುತ್ತದೆ. ಉಸಿರು ಬಿಗಿಹಿಡಿದು ಕೊನೆಯ ಆ ಹತ್ತು ಮೀಟರನ್ನು ಸರ್ರನೆ ಏರಿದವರ ಶ್ವಾಸಕೋಶ ಹರಿಯಬಹುದು. ಡೈವಿಂಗ್ ತರಬೇತಿಯ ಮೊದಲ ದಿನವೇ ‘ಎಂದಿಗೂ ಉಸಿರು ಹಿಡಿಯಬೇಡಿ’ ಎಂದು ಹೇಳಿಕೊಡುವುದೂ, ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದೆನ್ನುವುದೂ ಇದಕ್ಕೇ. ನೀರಿನಿಂದ ಹೊರಬಂದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಹಲವು ಡೈವ್‌ಗಳ ನಂತರ ವಿಮಾನ ಏರಲು ಕನಿಷ್ಠ 18 ಗಂಟೆ ಬಿಡಬೇಕು. ಬೆಟ್ಟ ಹತ್ತುವುದೂ ವಿಮಾನ ಹತ್ತಿದ ಹಾಗೆಯೇ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ಮೀರಿದ್ದೆಲ್ಲ ಎತ್ತರವೇ; ತುಲಂಬೆನ್ನಿನಿಂದ ಕಿಂತಮಣಿಯ ಬೆಟ್ಟದ ದಾರಿ ಹಿಡಿಯುವವರಿಗೂ, ನೇತ್ರಾಣಿಯಿಂದ ಸಂಜೆಯೇ ಘಟ್ಟ ಹತ್ತಿ 900 ಮೀಟರ್ ಎತ್ತರದ ಬೆಂಗಳೂರಿಗೆ ಹೊರಡುವವರಿಗೂ ಇದು ಅನ್ವಯಿಸುತ್ತದೆ. ನೇತ್ರಾಣಿಯಲ್ಲಿ ಹೊಸಬರು ಇಳಿಯುವ ಆಳವೂ ಅವಧಿಯೂ ಕಡಿಮೆಯಾದ್ದರಿಂದ ಅಪಾಯವೂ ಕಡಿಮೆ. ದಿನವಿಡೀ ಹಲವು ಬಾರಿ ಇಳಿದವರು ಮಾತ್ರ ಒಂದು ರಾತ್ರಿ ಕೆಳಗೆ ಕಳೆಯುವುದು ಒಳ್ಳೆಯದು. ‘ನೀರಿಗಿಳಿದ ಮೇಲೆ ಮಳೆಯೇನು ಚಳಿಯೇನು’ ಎಂಬ ಗಾದೆಯೂ ಡೈವರ್‌ಗಳ ಮಟ್ಟಿಗೆ ಸುಳ್ಳು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಮೈಯ ಶಾಖವನ್ನು ಹೀರುವುದರಿಂದ, 28 ಡಿಗ್ರಿಯ ಬೆಚ್ಚಗಿನ ಕಡಲಿನಲ್ಲಿಯೂ ಒಂದು ಗಂಟೆಯ ಹೊತ್ತಿಗೆ ಹಲ್ಲು ಕಟಕಟಿಸುತ್ತದೆ.

ಆಳ ಬಣ್ಣಗಳನ್ನೂ ಒಂದೊಂದಾಗಿ ನುಂಗುತ್ತದೆ. ಸೂರ್ಯನ ಬೆಳಕಿನಲ್ಲಿ ಕೆಂಪು ಮೊದಲ ಕೆಲವು ಮೀಟರುಗಳಲ್ಲಿಯೇ ಮಂಕಾಗುತ್ತದೆ, ಆಮೇಲೆ ಕಿತ್ತಳೆ, ಅದರ ನಂತರ ಹಳದಿ. 25 ಮೀಟರಿನಲ್ಲಿ ಹಡಗಿನ ಹೊಟ್ಟೆಯೆಲ್ಲ ಬೂದು ನೀಲಿಯಾಗಿ, ಹಳೆಯ ಗೋಡೌನಿನಂತೆ ಕಾಣುತ್ತದೆ. ಟಾರ್ಚ್ ಹಾಕಿದ ಕೂಡಲೇ ಅದೇ ಜಾಗದಲ್ಲಿ ಕುಂಕುಮದ ಬಣ್ಣದ ಸ್ಪಂಜುಗಳೂ ಕೆನ್ನೇರಳೆ ಮೃದುಹವಳಗಳೂ ಎದ್ದು ಬರುತ್ತವೆ, ಟಾರ್ಚ್ ಆರಿಸಿದರೆ ಮತ್ತೆ ಗೋಡೌನು. ಅಂಗೈ ಕೊಯ್ದುಕೊಂಡರೆ ಬರುವ ರಕ್ತವೂ ಅಲ್ಲಿ ಹಸಿರುಗಪ್ಪಾಗಿ ಕಾಣುತ್ತದೆ. ಮಾಸ್ಕಿನ ಗಾಜಿನ ಮೂಲಕ ನೋಡಿದಾಗ ಬೆಳಕು ಬಾಗುವುದರಿಂದ ವಸ್ತುಗಳು ಇರುವುದಕ್ಕಿಂತ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತವೆ. ಡೈವರ್‌ಗಳು ಹೇಳುವ ಮೀನಿನ ಗಾತ್ರವನ್ನು ಕೇಳುವವರು ಅಷ್ಟು ಕಳೆದುಕೊಂಡು ಕೇಳಿದರೆ ಇಬ್ಬರಿಗೂ ಕ್ಷೇಮ.

ಆಳದಷ್ಟೇ ಮುಖ್ಯವಾದದ್ದು ಸೆಳೆತ. ಪೆಸಿಫಿಕ್ ಸಾಗರದ ಪಶ್ಚಿಮ ಭಾಗದ ನೀರಿನ ಮಟ್ಟ ಹಿಂದೂ ಮಹಾಸಾಗರದ ಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಇಂಡೋನೇಷ್ಯಾದ ದ್ವೀಪಗಳ ಸಂದುಗಳಲ್ಲಿ ನೀರು ಬಹುಮಟ್ಟಿಗೆ ಹಿಂದೂ ಮಹಾಸಾಗರದ ಕಡೆಗೆ ಹರಿಯುತ್ತದೆ, ಮತ್ತು ಆ ಹರಿವಿನ ಒಂದು ದೊಡ್ಡ ಕಾಲುವೆ ಲೊಂಬೊಕ್ ಜಲಸಂಧಿ. ಅದರ ಬಾಯಿಯಲ್ಲಿರುವ ನುಸಾ ಪೆನಿಡಾ ದ್ವೀಪದ ಸುತ್ತ ಸೆಳೆತ ಎಷ್ಟು ಜೋರೆಂದರೆ ಈಜಿ ಎದುರಿಸುವ ಮಾತೇ ಇಲ್ಲ. ಡೈವರ್‌ಗಳು ಅದರೊಂದಿಗೆ ತೇಲಿ ಹೋಗುತ್ತಾರೆ, ದೋಣಿ ಅವರನ್ನು ಹಿಂಬಾಲಿಸುತ್ತದೆ. ಆಳದ ತಣ್ಣೀರು ಅಲ್ಲಿ ಮೇಲೇಳುವುದರಿಂದ ಜುಲೈನಿಂದ ಅಕ್ಟೋಬರಿನವರೆಗೆ ಬೃಹತ್ ಸೂರ್ಯಮೀನುಗಳು ಕಾಣಿಸಿಕೊಳ್ಳುತ್ತವೆ. ತುಲಂಬೆನ್ ಆ ಮುಖ್ಯ ಹರಿವಿನಿಂದ ಪಕ್ಕಕ್ಕಿದೆ. ಬೀಸಣಿಗೆ ಹವಳಗಳಿಗೆ ಆಹಾರ ತರುವಷ್ಟು ಹರಿವು ಉಂಟು, ಡೈವರನ್ನು ಎಳೆದೊಯ್ಯುವಷ್ಟು ಬಹುತೇಕ ದಿನಗಳಲ್ಲಿ ಇರುವುದಿಲ್ಲ.

ಮುಳುಗಿದ ಹಡಗು ಎಂದರೆ ಎಲ್ಲರ ಆಸೆಯೂ ಅದರೊಳಗೆ ನುಗ್ಗುವುದು. ತಲೆಯ ಮೇಲೆ ಚಾವಣಿ ಬಂದ ಕ್ಷಣದಿಂದ ಡೈವಿಂಗಿನ ನಿಯಮಗಳು ಬದಲಾಗುತ್ತವೆ, ಏಕೆಂದರೆ ತೊಂದರೆಯಾದಾಗ ನೇರ ಮೇಲೆ ಹೋಗುವ ದಾರಿ ಇರುವುದಿಲ್ಲ. ಕೋಣೆಗಳ ತಳದಲ್ಲಿ ದಶಕಗಳಿಂದ ಕೂತ ಹೂಳು ಫಿನ್‌ನ ಒಂದೇ ಬಡಿತಕ್ಕೆ ಎದ್ದರೆ ತನ್ನ ಕೈಯೇ ತನಗೆ ಕಾಣದು. ಲಿಬರ್ಟಿ ಈಗಾಗಲೇ ಒಡೆದು ಬಾಯಿಬಿಟ್ಟಿರುವುದರಿಂದ ಅದರ ಬಹುಭಾಗದಲ್ಲಿ ಹೊರಗಿನ ಬೆಳಕು ಕಾಣುತ್ತದೆ. ಕೆಂಪು ಸಮುದ್ರದಲ್ಲಿ 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನಗಳ ಬಾಂಬಿಗೆ ಮುಳುಗಿದ, ಇಂದಿಗೂ ತನ್ನೊಳಗೆ ಮೋಟಾರ್‌ಸೈಕಲ್ಲುಗಳನ್ನೂ ಟ್ರಕ್ಕುಗಳನ್ನೂ ಸಾಲಾಗಿ ಇಟ್ಟುಕೊಂಡಿರುವ ಥಿಸಲ್‌ಗಾರ್ಮ್ ಹಡಗಿನಲ್ಲಿ ಒಳಹೋಗುವ ಆಮಿಷ ಇನ್ನೂ ದೊಡ್ಡದು. ಯೊಂಗಾಲದ ಒಳಗೆ ಹೋಗುವುದನ್ನು ಆಸ್ಟ್ರೇಲಿಯಾ ನಿಷೇಧಿಸಿದೆ. ಅದು ಅಷ್ಟು ಜನರ ಸಮಾಧಿಯಾಗಿರುವುದರಿಂದ ನನಗೆ ಅದೇ ಸರಿಯೆನ್ನಿಸುತ್ತದೆ. ನಿಷೇಧಕ್ಕೆ ಇನ್ನೊಂದು ಕಾರಣವೂ ಉಂಟು. ಡೈವರ್‌ಗಳು ಒಳಗೆ ಬಿಟ್ಟ ಉಸಿರು ಚಾವಣಿಯಡಿ ಗುಳ್ಳೆಯಾಗಿ ನಿಂತು, ಅಲ್ಲಿನ ಆಮ್ಲಜನಕದಿಂದ ಉಕ್ಕಿನ ತುಕ್ಕು ಹೆಚ್ಚುತ್ತದೆ.

ಹಡಗು ಮುಳುಗಿದರೆ ಹವಳಕ್ಕೆ ಒಳ್ಳೆಯದು ಎಂಬ ತೀರ್ಮಾನಕ್ಕೆ ಇಲ್ಲಿಂದ ಹಾರುವುದು ತಪ್ಪಾಗುತ್ತದೆ. ಮಧ್ಯ ಪೆಸಿಫಿಕ್‌ನ ಪಾಲ್ಮೈರಾ ಹವಳದ್ವೀಪದಲ್ಲಿ 1991ರಲ್ಲಿ ಒಂದು ಮೀನುಗಾರಿಕೆ ಹಡಗು ದಿಬ್ಬದ ಮೇಲೆಯೇ ಬಂದು ಕೂತಿತು. ಅಲ್ಲಿನ ನೀರಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ. ಹಡಗಿನಿಂದ ಕರಗಿದ ಕಬ್ಬಿಣ ಸಿಕ್ಕಿದೊಡನೆ ಹವಳದ ಸೋದರಬಂಧುವಾದರೂ ದಿಬ್ಬ ಕಟ್ಟದ ಒಂದು ಜೀವಿ ಕಳೆಯಂತೆ ಹಬ್ಬಿ ಜೀವಂತ ಹವಳವನ್ನೇ ಮುಚ್ಚಿಹಾಕಿತು. 2013ರಲ್ಲಿ ಹಡಗನ್ನು ಕತ್ತರಿಸಿ ಸಾಗಿಸಬೇಕಾಯಿತು. ತುಲಂಬೆನ್ನಿನಲ್ಲಿ ಹಾಗಾಗದಿದ್ದುದಕ್ಕೆ ಕಾರಣಗಳನ್ನು ಊಹಿಸಬಹುದು: ಹಡಗು ಜಾರಿದ್ದು ಹವಳದ ಮೇಲಲ್ಲ, ಮರಳಿನ ಮೇಲೆ; ಅಗ್ನಿಪರ್ವತದ ನೆಲದ ಪಕ್ಕದಲ್ಲಿ ಕಬ್ಬಿಣಕ್ಕೆ ಬರವೂ ಇಲ್ಲ. ಗಟ್ಟಿ ವಸ್ತು ಯಾವುದಾದರೇನು ಎಂದು 1970ರ ದಶಕದಲ್ಲಿ ಫ್ಲೋರಿಡಾದ ಕಡಲಿನಲ್ಲಿ ಸುಮಾರು ಇಪ್ಪತ್ತು ಲಕ್ಷ ಹಳೆಯ ಟೈರುಗಳನ್ನು ಸುರಿದು ಕೃತಕ ದಿಬ್ಬ ಮಾಡಲು ಹೊರಟವರ ಕಥೆ ಇನ್ನೂ ದುಃಖದ್ದು. ಕಟ್ಟು ಬಿಚ್ಚಿಹೋದ ಟೈರುಗಳು ಅಲೆಗಳೊಂದಿಗೆ ಉರುಳಿ ಪಕ್ಕದ ನಿಜವಾದ ಹವಳವನ್ನೇ ಒಡೆದವು.

ಬಿಸಿಯಾಗುತ್ತಿರುವ ನೀರಿಗೆ ಹಡಗಿನ ಹವಳವೂ ದಿಬ್ಬದ ಹವಳವೂ ಒಂದೇ. ಬೇಸಿಗೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ಮುಂದುವರಿದರೆ ಪಾಲಿಪ್ ತನ್ನ ಬಾಡಿಗೆದಾರ ಪಾಚಿಗಳನ್ನು ಹೊರಹಾಕುತ್ತದೆ, ಬಣ್ಣ ಹೋಗಿ ಸುಣ್ಣದ ಅಸ್ಥಿ ಬೆಳ್ಳಗೆ ಕಾಣುತ್ತದೆ. ಬೇಗ ತಂಪಾದರೆ ಪಾಚಿಗಳು ಮರಳಬಹುದು, ಇಲ್ಲವಾದರೆ ಹವಳ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರ ಬಿಸಿಯ ಹೊಡೆತಗಳ ನಂತರ ಜೀವಂತ ಹವಳದ ಪ್ರಮಾಣ ಸುಮಾರು ಅರ್ಧಕ್ಕಿಳಿದಿದೆಯೆಂದು, ಆ ದಿಬ್ಬಗಳನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಅಳೆಯುತ್ತಾ ಬಂದಿರುವ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ದಾಖಲಿಸಿದ್ದಾರೆ. 2024ರ ಏಪ್ರಿಲಿನಲ್ಲಿ ಜಗತ್ತಿನಾದ್ಯಂತ ನಾಲ್ಕನೆಯ ಸಾಮೂಹಿಕ ಬಿಳಿಚುವಿಕೆ ಘೋಷಣೆಯಾಯಿತು.

ದಿಬ್ಬಕ್ಕೂ ಹಡಗಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಆರೋಗ್ಯವಾಗಿರುವ ದಿಬ್ಬ ಸತ್ತ ಹವಳದ ಮೇಲೆ ಹೊಸ ಹವಳ ಕೂರಿಸುತ್ತಾ ತನ್ನ ಅಡಿಪಾಯವನ್ನು ತಾನೇ ಹಾಕಿಕೊಳ್ಳುತ್ತದೆ. ಹಡಗಿನ ಮೇಲೆ ಮೇಲುಹೊದಿಕೆ ಬೆಳೆಯುತ್ತಿದ್ದರೂ ಒಳಗಿನ ಉಕ್ಕು ವರ್ಷವರ್ಷವೂ ತೆಳುವಾಗುತ್ತದೆ. ಹವಳದ ಪೊರೆ ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಹವಳದ ಭಾರ ಕುಸಿತವನ್ನು ಸ್ವಲ್ಪ ಹತ್ತಿರ ತರುತ್ತದೆ. ಎಂದೋ ಒಂದು ದಿನ ತಟ್ಟೆಗಳು ಮುರಿದು ಬಿದ್ದಾಗ ಅವುಗಳ ಮೇಲಿನ ಹವಳವೂ ಮರಳಿನ ಪಾಲಾಗುತ್ತದೆ, ಹೊಸದಾಗಿ ತೆರೆದುಕೊಂಡ ಉಕ್ಕಿನ ಮೇಲೆ ಲೋಳೆಪದರದಿಂದ ಮತ್ತೆ ಮೊದಲಾಗುತ್ತದೆ. ಲಿಬರ್ಟಿಯಲ್ಲಿ ಈ ಎರಡೂ ಕೆಲಸಗಳು ಪಕ್ಕಪಕ್ಕದಲ್ಲಿಯೇ ನಡೆದಿರುವುದನ್ನು ನೋಡಲು ಒಳ್ಳೆಯ ಹೊತ್ತೆಂದರೆ ಡೈವಿನ ಕೊನೆ. ಮೇಲೆ ಬರುವ ಮುನ್ನ ಹೆಚ್ಚಿನ ಸುರಕ್ಷತೆಗಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ರೂಢಿಯಿದೆ, ಮತ್ತು ಹಡಗಿನ ಅತಿ ಮೇಲಿನ ತುದಿ ಇರುವುದೂ ಸರಿಯಾಗಿ ಅದೇ ಆಳದಲ್ಲಿ. ಬೇರೆ ತಾಣಗಳಲ್ಲಿ ಡೈವರ್‌ಗಳು ಆ ಮೂರು ನಿಮಿಷ ಹಗ್ಗ ಹಿಡಿದು ನೀಲಿ ಶೂನ್ಯವನ್ನು ನೋಡುತ್ತಾ ಕಳೆಯುತ್ತಾರೆ. ಇಲ್ಲಿ ಮುಖದಿಂದ ಒಂದು ಮೊಳ ದೂರದಲ್ಲಿ, ತುಕ್ಕಿನ ಕಂದು ಅಂಚೊಂದರ ಮೇಲೆ, ಕಾಸಿನಗಲದ ಎಳೆಯ ಹವಳವೊಂದು ಆಗಷ್ಟೇ ಅಂಟಿಕೊಂಡಿರುವುದು ಕಾಣುತ್ತದೆ.